ಬಿಸಿನೀರಿನ ಟ್ಯಾಂಕಿನ ಥರ್ಮೋಸ್ಟಾಟ್: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ವೈರಿಂಗ್, ಗೀಸರ್, ಸೋಲಾರ್ ಬ್ಯಾಕಪ್ (ಬಿಸಿಲಿಲ್ಲದಾಗ ಸೋಲಾರ್ ಟ್ಯಾಂಕಿನ ನೀರನ್ನು ಕರೆಂಟಿನಿಂದ ಕಾಯಿಸುವ ಕಾಯಿಲ್) ಕೆಲಸ ಮಾಡಿಕೊಂಡು ಬಂದವನು ನಾನು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಬೇಸಿಗೆಯಲ್ಲಿ ಯಾರಿಗೂ ನೆನಪಾಗದ ಬಿಸಿನೀರಿನ ಕಾಯಿಲ್ ಆಗ ಎಲ್ಲರಿಗೂ ಬೇಕು. ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಅವೇ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಇಲ್ಲಿ ಪೂರ್ತಿ ಬರೆದಿದ್ದೇನೆ.

ಥರ್ಮೋಸ್ಟಾಟ್ ಅಂದರೆ ಯಾವುದು? ಕಾಯಿಲ್ ಬೇರೆ, ಅದು ಬೇರೆಯಾ?

ಬೇರೆ. ನೀರಿನೊಳಗೆ ಮುಳುಗಿಕೊಂಡು ಬಿಸಿಯಾಗುವುದು ಕಾಯಿಲ್. ನೀರು ಸಾಕಷ್ಟು ಬಿಸಿಯಾದ ತಕ್ಷಣ ಕಾಯಿಲ್‌ಗೆ ಹೋಗುವ ಕರೆಂಟನ್ನು ಕಡಿಯುವುದು ಥರ್ಮೋಸ್ಟಾಟ್. ಗೀಸರ್ ಆದರೆ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಒಳಗಿರುತ್ತದೆ. ಸೋಲಾರ್ ಟ್ಯಾಂಕ್ ಆದರೆ ಕಾಯಿಲ್ ಕೂರಿಸಿದ ಜಾಗದಲ್ಲೇ, ಸಣ್ಣ ಮುಚ್ಚಳದ ಹಿಂದೆ ಇರುತ್ತದೆ.

ಹೆಚ್ಚಿನ ಟ್ಯಾಂಕುಗಳಲ್ಲಿ ಎರಡು ನಮೂನೆ ಸಿಗುತ್ತವೆ. ಒಂದು ಕಡ್ಡಿಯದು: ಪೆನ್ಸಿಲ್‌ಗಿಂತ ಸಣ್ಣ, ಉದ್ದನೆಯ ಕೊಳವೆ, ಮೇಲೊಂದು ತಲೆ. ಇನ್ನೊಂದು ತಂತಿಯದು: ಸಪೂರ ತಾಮ್ರದ ನಳಿಗೆಯ ತುದಿಯಲ್ಲಿ ಸಣ್ಣ ಗುಂಡು, ಅದರೊಳಗೆ ಬಿಸಿಗೆ ಹಿಗ್ಗುವ ದ್ರವ. ಕಡ್ಡಿಯದ್ದರ ಕೆಲಸ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಹೊರಗಿನ ಹಿತ್ತಾಳೆ ಕೊಳವೆ ಬಿಸಿಗೆ ಹಿಗ್ಗುತ್ತದೆ. ಒಳಗಿನ ಇನ್ವಾರ್ ಕಡ್ಡಿ ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಹಿಗ್ಗುತ್ತದೆ. ಆ ಕೂದಲೆಳೆಯಷ್ಟು ವ್ಯತ್ಯಾಸವೇ ತಲೆಯಲ್ಲಿರುವ ಸ್ವಿಚ್ಚನ್ನು ಎಳೆದು ಬಿಡಿಸುತ್ತದೆ. ಇನ್ವಾರ್ ಅಂದರೆ ಕಬ್ಬಿಣಕ್ಕೆ ನಿಕಲ್ ಬೆರೆಸಿದ ಲೋಹ, ನೂರರಲ್ಲಿ ಸುಮಾರು 36 ಪಾಲು ನಿಕಲ್. 1896ರಲ್ಲಿ ಅದನ್ನು ಕಂಡುಹಿಡಿದ ಭೌತವಿಜ್ಞಾನಿ ಗಿಯೋಮ್ ಅವರಿಗೆ 1920ರಲ್ಲಿ ನೊಬೆಲ್ ಬಂತು. ಅಂಥ ಲೋಹ ನಮ್ಮ ಬಚ್ಚಲುಮನೆ ಗೋಡೆಯ ಮೇಲೆ ದಿನಾ ದುಡಿಯುತ್ತಿದೆ.

ಕಾಯಿಲ್, ಥರ್ಮೋಸ್ಟಾಟ್ ಜೊತೆ ಮೂರನೆಯದೊಂದು ಇರುತ್ತದೆ. ಅದನ್ನು ಕಟೌಟ್ ಅನ್ನುತ್ತಾರೆ. ಥರ್ಮೋಸ್ಟಾಟ್ ಕೈಕೊಟ್ಟು ನೀರು ಮಿತಿಮೀರಿ ಬಿಸಿಯಾದರೆ ಇದು ಕರೆಂಟ್ ಕಡಿಯುತ್ತದೆ. ಮಾದರಿ ನೋಡಿಕೊಂಡು 80ರಿಂದ 95 ಡಿಗ್ರಿ ಒಳಗೆ ಬೀಳುತ್ತದೆ. ಒಮ್ಮೆ ಬಿದ್ದರೆ ತಾನಾಗಿ ಎದ್ದು ಕೂರುವುದಿಲ್ಲ. ಸಣ್ಣ ಕೆಂಪು ಗುಂಡಿಯನ್ನು ನಾವೇ ಒತ್ತಬೇಕು. ಕೆಲವು ಮಾದರಿಗಳಲ್ಲಿ ಥರ್ಮೋಸ್ಟಾಟ್, ಕಟೌಟ್ ಎರಡೂ ಒಂದೇ ತಲೆಯೊಳಗಿರುತ್ತವೆ.

ಬೇಸಿಗೆಯಿಡೀ ಸೋಲಾರ್ ಚೆನ್ನಾಗಿತ್ತು. ಮಳೆ ಶುರುವಾಯ್ತು ಅಂತ ಬ್ಯಾಕಪ್ ಹಾಕಿದರೆ ನೀರು ಕಾಯುತ್ತಲೇ ಇಲ್ಲ. ಕಾಯಿಲ್ ಸುಟ್ಟಿದೆಯಾ?

ಜೂನ್ ತಿಂಗಳಲ್ಲಿ ನನಗೆ ಬರುವ ಮೊದಲ ಪ್ರಶ್ನೆ ಇದು. ಹೊಸ ಕಾಯಿಲ್ ತರುವ ಮೊದಲು ಆ ಕೆಂಪು ಗುಂಡಿ ನೋಡಿ.

ಏಪ್ರಿಲ್ ಬಿಸಿಲಿಗೆ ಸೋಲಾರ್ ಟ್ಯಾಂಕಿನ ನೀರು 80 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಮನೆಯವರು ನಾಲ್ಕು ದಿನ ಮದುವೆಗೆ ಅಂತ ಊರಿಗೆ ಹೋಗಿ, ಬಿಸಿನೀರು ಬಳಸದೇ ಇದ್ದರಂತೂ ಇನ್ನೂ ಜಾಸ್ತಿ. ಕಟೌಟ್‌ಗೆ ಈ ಬಿಸಿ ಬಿಸಿಲಿನದೋ ಕರೆಂಟಿನದೋ ಗೊತ್ತಾಗುವುದಿಲ್ಲ. ನೀರು ಮಿತಿಮೀರಿ ಕಾದಿದೆ ಅಂತ ಸುಮ್ನೆ ಬಿದ್ದುಬಿಡುತ್ತದೆ. ಆಗ ಬ್ಯಾಕಪ್ ಸ್ವಿಚ್ ಆಫ್ ಇರುತ್ತದಲ್ಲ, ಮನೆಯಲ್ಲಿ ಯಾರಿಗೂ ಸುದ್ದಿಯೇ ಇಲ್ಲ. ಎರಡು ತಿಂಗಳಾದ ಮೇಲೆ ಸ್ವಿಚ್ ಹಾಕಿದರೆ ಸ್ವಿಚ್ಚಿನ ದೀಪ ಉರಿಯುತ್ತದೆ, ನೀರು ಮಾತ್ರ ಐಸು.

ಮೇನ್ ಆಫ್ ಮಾಡಿ, ಮುಚ್ಚಳ ತೆಗೆದು, ಗುಂಡಿ ಒತ್ತಿ. 'ಟಿಕ್' ಅಂತ ಶಬ್ದ ಬಂದು ಒಳಗೆ ಕೂತರೆ ಕಟೌಟ್ ಬಿದ್ದಿದ್ದೇ ಕಾರಣ ಅಂತ ಅರ್ಥ. ನೀರು ತಣ್ಣಗಿದ್ದಾಗಲೇ ಒತ್ತಬೇಕು, ಬಿಸಿ ಇದ್ದಾಗ ಅದು ಕೂರುವುದಿಲ್ಲ. ಒಂದು ಎಚ್ಚರಿಕೆ: ಬಿಸಿಲೇ ಇಲ್ಲದ ಆಷಾಢದಲ್ಲೂ ಅದು ಮತ್ತೆ ಮತ್ತೆ ಬೀಳುತ್ತಿದ್ದರೆ ಒತ್ತುತ್ತಾ ಕೂರಬೇಡಿ. ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತಿಲ್ಲ, ಕಟೌಟ್ ಒಂದೇ ನಿಮ್ಮನ್ನು ಕಾಯುತ್ತಿದೆ.

ಎಷ್ಟು ಡಿಗ್ರಿಗೆ ಇಡಬೇಕು?

60. ಇದಕ್ಕಿಂತ ಕೆಳಗೂ ಬೇಡ, ಮೇಲೂ ಬೇಡ ಅನ್ನುವುದಕ್ಕೆ ಎರಡು ಕಾರಣ ಇವೆ.

20ರಿಂದ 45 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆ ನೀರಿನ ಸಣ್ಣ ಹನಿಗಳು ಉಸಿರಿನ ಜೊತೆ ಒಳಗೆ ಹೋದರೆ ನ್ಯುಮೋನಿಯಾ ಬರಬಹುದು. 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ಮಳೆಗಾಲದ ಸೋಲಾರ್ ಟ್ಯಾಂಕ್ ನೆನಪು ಮಾಡಿಕೊಳ್ಳಿ. ಮಧ್ಯಾಹ್ನ ಒಂದು ಗಂಟೆ ಹೊತ್ತು ಹೊಳವಾಗುತ್ತದೆ (ಮಳೆ ಬಿಟ್ಟು ಬಿಸಿಲು ಕಾಣುತ್ತದೆ), ನೀರು 35ಕ್ಕೆ ಬರುತ್ತದೆ, ವಾರಗಟ್ಟಲೆ ಹಾಗೇ ನಿಲ್ಲುತ್ತದೆ. ಅಂಥ ನೀರನ್ನು ಕಾಯಿಲ್‌ನಿಂದ 60ರವರೆಗೆ ಕಾಯಿಸಿಯೇ ಬಳಸಿ.

ಇನ್ನೊಂದು ಕಾರಣ ಸುಡುವುದು. 60 ಡಿಗ್ರಿ ನೀರು ಸುಮಾರು ಐದೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. 70 ಆದರೆ ಕೈ ಎಳೆದುಕೊಳ್ಳುವಷ್ಟರಲ್ಲಿ ಸುಟ್ಟಾಗಿರುತ್ತದೆ. ಎಳೆಮಕ್ಕಳದು, ವಯಸ್ಸಾದವರದು ಇನ್ನೂ ಮೆದು ಚರ್ಮ. ಬಾಣಂತಿ, ಮಗು ಇರುವ ಮನೆಗೆ ಹೋದಾಗಲೆಲ್ಲ ಅಜ್ಜಿಯಂದಿರಿಗೆ ಒಂದು ಮಾತು ಹೇಳಿ ಬರುತ್ತೇನೆ: ಬಕೆಟ್ಟಿಗೆ ಮೊದಲು ತಣ್ಣೀರು, ಅದರ ಮೇಲೆ ಬಿಸಿನೀರು. ಹಂಡೆಯಿಂದ ತೋಡಿ ಬೆರೆಸಿದವರಿಗೆ ಎಷ್ಟು ಬಿಸಿ ಅಂತ ಕೈಗೆ ಗೊತ್ತು. ನಲ್ಲಿಯಿಂದ ಬರುವ ನೀರಿನ ಬಿಸಿ ಕಣ್ಣಿಗೆ ಕಾಣುವುದಿಲ್ಲ.

ಡಿಗ್ರಿ ಹೆಚ್ಚು ಕಡಿಮೆ ಮಾಡುವುದು ಹೇಗೆ?

ಗೀಸರ್‌ನ ಹೊರಗೇ ಗುಬುಟು ಇದ್ದರೆ ತಿರುಗಿಸಿದರೆ ಆಯ್ತು. ಇಲ್ಲದಿದ್ದರೆ ಮೇನ್ ಆಫ್ ಮಾಡಿ ಮುಚ್ಚಳ ತೆಗೆಯಿರಿ. ಥರ್ಮೋಸ್ಟಾಟ್ ತಲೆಯ ಮೇಲೆ ಸಣ್ಣ ಬಿಲ್ಲೆ, ಅದರ ನಡುವೆ ಸ್ಕ್ರೂಡ್ರೈವರ್ ಕೂರುವ ಗೀರು, ಸುತ್ತ ಅಂಕಿಗಳು ಇರುತ್ತವೆ. ಗೀರಿನ ಬಾಣವನ್ನು 60ಕ್ಕೆ ತನ್ನಿ. ಅಂಕಿ ಮಾಸಿದ್ದರೆ ಒಮ್ಮೆ ಪೂರ್ತಿ ಕಾಯಲು ಬಿಟ್ಟು, ನಲ್ಲಿಯ ನೀರನ್ನು ಸ್ಟೀಲ್ ಚೆಂಬಿಗೆ ಹಿಡಿದು ಅಡುಗೆಮನೆ ಥರ್ಮಾಮೀಟರ್ ಅದ್ದಿ ನೋಡಿ. ಜ್ವರದ ಥರ್ಮಾಮೀಟರ್ ಇದಕ್ಕೆ ಆಗದು.

60ಕ್ಕೆ ಕಡಿದ ಥರ್ಮೋಸ್ಟಾಟ್ ನೀರು ಐದಾರು ಡಿಗ್ರಿ ಇಳಿದ ಮೇಲೆ ಮತ್ತೆ ಶುರುವಾಗುತ್ತದೆ. ಗೀಸರಿನ ದೀಪ ಆರುವುದು, ಹತ್ತುವುದು ನೋಡಿ ಗಾಬರಿ ಬೇಡ.

ಮೊದಲು ಬೇಗ ಕಾಯುತ್ತಿತ್ತು, ಈಗ ಜಾಸ್ತಿ ಹೊತ್ತು ಬೇಕು. ಥರ್ಮೋಸ್ಟಾಟ್ ವೀಕ್ ಆಗಿದೆಯಾ?

ಥರ್ಮೋಸ್ಟಾಟ್ ಬರೀ ಸ್ವಿಚ್. ಅದು ಬಿಸಿಯನ್ನು ನಿಧಾನ ಮಾಡುವುದಿಲ್ಲ. ನಮ್ಮ ಕಡೆ ಕಾರಣ ಹೆಚ್ಚಾಗಿ ವೋಲ್ಟೇಜ್.

2000 ವ್ಯಾಟಿನ ಕಾಯಿಲ್‌ಗೆ 230 ವೋಲ್ಟ್ ಬಂದರೆ ಮಾತ್ರ ಅದು 2000 ವ್ಯಾಟ್. ಟ್ರಾನ್ಸ್‌ಫಾರ್ಮರಿನಿಂದ ದೂರ ಇರುವ ಒಂಟಿಮನೆಗಳಲ್ಲಿ ಸಂಜೆ 180ಕ್ಕೆ ಇಳಿದಿದ್ದನ್ನು ನಾನೇ ಅಳೆದಿದ್ದೇನೆ. ಆಗ ಅದೇ ಕಾಯಿಲ್ ಕೊಡುವುದು ಸುಮಾರು 1225 ವ್ಯಾಟ್ ಮಾತ್ರ. ವೋಲ್ಟೇಜ್ ಐದನೇ ಒಂದು ಪಾಲು ಇಳಿದರೆ ಬಿಸಿ ಐದರಲ್ಲಿ ಎರಡು ಪಾಲು ಕಡಿಮೆಯಾಗುತ್ತದೆ. 100 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಬರಲು ಸುಮಾರು 4.7 ಯೂನಿಟ್ ಕರೆಂಟ್ ಬೇಕು. ಪೂರ್ತಿ ವೋಲ್ಟೇಜಿನಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷ. 180ರಲ್ಲಿ ನಾಲ್ಕು ಗಂಟೆಗೆ ಹತ್ತಿರ. ಹೊಸ ಥರ್ಮೋಸ್ಟಾಟ್ ಹಾಕಿ ದುಡ್ಡು ಕಳೆದುಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಿಸಿ.

ವೋಲ್ಟೇಜ್ ಸರಿಯಿದ್ದೂ ನೀರು ಉಗುರುಬೆಚ್ಚಗಾಗಿ ದೀಪ ಆರುತ್ತದೆ ಅಂದರೆ ಆಗ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಿ.

ನಮ್ಮ ಎಲೆಕ್ಟ್ರಿಷಿಯನ್ "ಥರ್ಮೋಸ್ಟಾಟ್ ಸಿಗ್ತಿಲ್ಲ, ಸದ್ಯಕ್ಕೆ ಡೈರೆಕ್ಟ್ ಮಾಡಿ ಕೊಡ್ತೀನಿ" ಅಂತಾರೆ. ಪರವಾಗಿಲ್ವಾ?

ಬೇಡ. ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಡೈರೆಕ್ಟ್ ಅಂದರೆ ಥರ್ಮೋಸ್ಟಾಟಿಗೆ ಬರುವ ವೈರು, ಹೋಗುವ ವೈರು ಎರಡನ್ನೂ ತೆಗೆದು ಒಂದಕ್ಕೊಂದು ಸುತ್ತಿ ಟೇಪ್ ಹಾಕುವುದು. ಐದು ನಿಮಿಷದ ಕೆಲಸ. ಥರ್ಮೋಸ್ಟಾಟ್, ಕಟೌಟ್ ಎರಡೂ ಒಂದೇ ತಲೆಯಲ್ಲಿದ್ದರೆ ಎರಡು ಕಾವಲೂ ಒಟ್ಟಿಗೆ ಹೋದವು. ಆಮೇಲೆ ನೀರಿಗೂ ಅನಾಹುತಕ್ಕೂ ನಡುವೆ ಇರುವುದು ಮನೆಯವರ ನೆನಪು ಒಂದೇ.

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹೀಗೇ ಆಯಿತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಥರ್ಮೋಸ್ಟಾಟ್ ಕೆಟ್ಟಿತು. ಬೆಳಗ್ಗೆ ಎದ್ದರೆ ಮನೆಮಂದಿಗೆಲ್ಲ ಎಣ್ಣೆಸ್ನಾನ. ನಾನು ಊರಲ್ಲಿರಲಿಲ್ಲ. ಬಂದವರು ಡೈರೆಕ್ಟ್ ಮಾಡಿ, "ಎರಡು ಗಂಟೆ ಬಿಟ್ಟು ಆಫ್ ಮಾಡಿ ಅಮ್ಮ" ಅಂತ ಹೇಳಿ ಹೋದರು. ಚಿಕ್ಕಮ್ಮ ಮೂರು ವಾರ ತಪ್ಪದೆ ಆಫ್ ಮಾಡಿದರು. ಒಂದು ಸಂಜೆ ಸ್ವಿಚ್ ಹಾಕಿದ ಹೊತ್ತಿಗೇ ಕರೆಂಟ್ ಹೋಯಿತು. ಲಾಟೀನು, ಊಟ, ನಿದ್ದೆ. ಸ್ವಿಚ್ ಆನ್ ಇದ್ದಿದ್ದು ನೆನಪಾಗಲಿಲ್ಲ. ರಾತ್ರಿ ಯಾವಾಗಲೋ ಕರೆಂಟ್ ಬಂತು. ಬೆಳಗಿನ ಜಾವ ಕೊಟ್ಟಿಗೆಗೆ ಹೋಗಲು ಎದ್ದ ಚಿಕ್ಕಪ್ಪ ಮುಖ ತೊಳೆಯಲು ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ, ಬುಸ್ ಬುಸ್ ಅಂತ ಹಬೆ ಬಂತು. ಹಿಂದೆಯೇ ಕುದಿನೀರು. ಬಲಗೈ ಮಣಿಕಟ್ಟಿನವರೆಗೆ ಬೊಬ್ಬೆ ಎದ್ದಿತು. ಆ ವರ್ಷ ಅಡಿಕೆ ಕೊಯ್ಲಿನಲ್ಲಿ ಅವರು ಒಂದು ಗೊನೆ ಮುಟ್ಟಲಾಗಲಿಲ್ಲ. ಟ್ಯಾಂಕಿನ ಏರ್ ಪೈಪ್ ತೆರೆದಿತ್ತು, ಹಬೆ ಹೊರಗೆ ಹೋಗುತ್ತಿತ್ತು, ಅಷ್ಟರಮಟ್ಟಿಗೆ ಮನೆ ಉಳಿಯಿತು.

2006ರಲ್ಲಿ ಇಂಗ್ಲೆಂಡಿನ ಟಾಂಟನ್ ಊರಿನಲ್ಲಿ ಇದಕ್ಕಿಂತ ಘೋರವಾದದ್ದು ನಡೆಯಿತು. ಇಮ್ಮರ್ಶನ್ ಹೀಟರಿನ (ಬಕೆಟ್ಟಿನ ರಾಡ್ ಅಲ್ಲ, ಟ್ಯಾಂಕಿನೊಳಗಿನ ಕಾಯಿಲ್) ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯುತ್ತಲೇ ಹೋಯಿತು. ಕುದಿನೀರು ಅಟ್ಟದ ಮೇಲಿದ್ದ ಪ್ಲಾಸ್ಟಿಕ್ ಟ್ಯಾಂಕಿಗೆ ಸೇರಿತು. ಟ್ಯಾಂಕ್ ಮೆತ್ತಗಾಗಿ ಕುಸಿದು, ಕೆಳಗಿನ ಕೋಣೆಯಲ್ಲಿ ಮಲಗಿದ್ದ ಹತ್ತು ತಿಂಗಳ ಮಗು ತೀರಿಕೊಂಡಿತು. ನಮ್ಮಲ್ಲೂ ಕೆಲವು ಮನೆಗಳಲ್ಲಿ ಸೋಲಾರಿನ ಏರ್ ಪೈಪನ್ನು ಬಗ್ಗಿಸಿ ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿಗೇ ಬಿಟ್ಟಿರುತ್ತಾರೆ. ನಿಮ್ಮಲ್ಲಿ ಹಾಗಿದ್ದರೆ ಇವತ್ತೇ ಹತ್ತಿ ನೋಡಿ, ಬೇರೆ ಕಡೆ ತಿರುಗಿಸಿ.

ಥರ್ಮೋಸ್ಟಾಟ್ ಸಿಗುವವರೆಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. ಹಂಡೆ ಇನ್ನೂ ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೇನು ಬೇಕು. ಈಗಾಗಲೇ ಯಾರೋ ಡೈರೆಕ್ಟ್ ಮಾಡಿಟ್ಟಿದ್ದರೆ ಆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ, ಯಾರೂ ಹಾಕದ ಹಾಗೆ ಮಾಡಿ.

ಥರ್ಮೋಸ್ಟಾಟೇ ಕೆಟ್ಟಿದೆ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಮೊದಲು ಕಣ್ಣಿಂದ. ಮುಚ್ಚಳ ತೆಗೆದಾಗ ಸುಟ್ಟ ವಾಸನೆ, ಕಂದುಬಣ್ಣಕ್ಕೆ ತಿರುಗಿದ ವೈರು, ಮುಟ್ಟಿದರೆ ಪುಡಿಯಾಗುವ ಲಗ್ (ವೈರಿನ ತುದಿಗೆ ಒತ್ತಿದ ಲೋಹದ ತುಂಡು) ಕಂಡರೆ ಅಲ್ಲೇ ರೋಗ. ಲಗ್ ಸಡಿಲ ಇದ್ದರೆ ಒಂಬತ್ತು ಆಂಪ್ಸ್‌ಗೆ ಹತ್ತಿರದ ಕರೆಂಟು ಅಲ್ಲೇ ಕಾದು ಸುಡುತ್ತದೆ. ಒಮ್ಮೆ ಎರಡು ಟರ್ಮಿನಲ್ ನಡುವೆ ಒಣಗಿದ ಹಲ್ಲಿ ಸಿಕ್ಕಿತ್ತು. ಇರುವೆ ಗೂಡಂತೂ ಮಾಮೂಲಿ.

ಆಮೇಲೆ ಮಲ್ಟಿಮೀಟರ್. ಮೇನ್ ಆಫ್, ವೈರು ಬಿಚ್ಚಿ. ತಣ್ಣಗಿರುವ ಥರ್ಮೋಸ್ಟಾಟಿನ ಎರಡು ಟರ್ಮಿನಲ್‌ಗೆ ಮಲ್ಟಿಮೀಟರಿನ ಕಡ್ಡಿ ಮುಟ್ಟಿಸಿದರೆ 'ಬೀಪ್' ಬರಬೇಕು. ಬರದಿದ್ದರೆ ಕಟೌಟ್ ಗುಂಡಿ ಒತ್ತಿ ಮತ್ತೆ ನೋಡಿ. ಕಾಯಿಲ್‌ನದೂ ಅಳೆದುಬಿಡಿ: 2000 ವ್ಯಾಟಿನದು ಸುಮಾರು 26 ಓಮ್, 3000 ವ್ಯಾಟಿನದು ಸುಮಾರು 18 ಓಮ್ ತೋರಿಸುತ್ತದೆ.

ತಣ್ಣಗಿದ್ದಾಗ ಬೀಪ್ ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಬಿಸಿಗೆ ಬಿಡುತ್ತದೋ ಇಲ್ಲವೋ ನೋಡಬೇಕು. ಕಡ್ಡಿ ಥರ್ಮೋಸ್ಟಾಟನ್ನು ಹೊರತೆಗೆದು ಅಡುಗೆಮನೆಗೆ ತನ್ನಿ. ಉದ್ದನೆಯ ಚೆಂಬಿನಲ್ಲಿ ಚಹಾಕ್ಕೆ ಕಾಯಿಸಿದಷ್ಟು ಬಿಸಿನೀರು ಹಾಕಿ. ತಲೆ ಒದ್ದೆಯಾಗದಂತೆ ಕಡ್ಡಿ ಮಾತ್ರ ಅದ್ದಿ. ಮಲ್ಟಿಮೀಟರ್ ಬೀಪ್ ಅನ್ನುತ್ತಾ ಇರುತ್ತದೆ. ಸ್ವಲ್ಪ ಹೊತ್ತಿಗೆ ತಲೆಯೊಳಗೆ 'ಟಕ್' ಅಂತ ಸದ್ದಾಗಿ ಬೀಪ್ ನಿಲ್ಲಬೇಕು. ತೆಗೆದು ತಣ್ಣೀರಿಗೆ ಹಾಕಿದರೆ ಮತ್ತೆ 'ಟಕ್', ಮತ್ತೆ ಬೀಪ್. ಅದೇ ತಲೆಯಲ್ಲಿ ಕಟೌಟ್ ಇದ್ದು ಅದೂ ಬಿದ್ದಿದ್ದರೆ ಕೆಂಪು ಗುಂಡಿ ಒತ್ತಿದ ಮೇಲೆ ಬೀಪ್ ಬರುತ್ತದೆ. ಕುದಿನೀರಿಗೆ ಇಟ್ಟರೂ ಬೀಪ್ ನಿಲ್ಲದಿದ್ದರೆ ಒಳಗಿನ ಸ್ವಿಚ್ಚಿನ ತುಟಿಗಳು (ಕಾಂಟ್ಯಾಕ್ಟ್) ಕಿಡಿಗೆ ಕರಗಿ ಬೆಸೆದುಹೋಗಿವೆ. ಕೆಡುವುದರಲ್ಲಿ ಇದೇ ಅಪಾಯದ್ದು, ಯಾಕೆಂದರೆ ನೀರು ಮಾತ್ರ ಚೆನ್ನಾಗಿಯೇ ಕಾಯುತ್ತಿರುತ್ತದೆ.

ನಾನೇ ಬದಲಿಸಬಹುದಾ? ಟ್ಯಾಂಕ್ ಖಾಲಿ ಮಾಡಬೇಕಾ?

ಸಾಮಾನ್ಯವಾಗಿ ಖಾಲಿ ಮಾಡುವುದು ಬೇಡ. ಕಡ್ಡಿ ಕೂರುವುದು ತುದಿ ಮುಚ್ಚಿದ ಕೊಳವೆಯೊಳಗೆ, ನೀರು ಆ ಕೊಳವೆಯ ಹೊರಗಿರುತ್ತದೆ. ಎಳೆದಾಗ ಕಡ್ಡಿ ಒದ್ದೆ ಇದ್ದರೆ ಕೊಳವೆ ತೂತಾಗಿದೆ, ಅಲ್ಲಿಗೆ ಥರ್ಮೋಸ್ಟಾಟ್ ಕೆಲಸ ನಿಲ್ಲಿಸಿ, ಕಾಯಿಲ್ ಸಮೇತ ಬದಲಿಸಬೇಕು. ಕಾಯಿಲ್ ಬಿಚ್ಚುವುದಾದರೆ ಮಾತ್ರ ನೀರು ಪೂರ್ತಿ ಇಳಿಸಿ, ವಾಷರ್ ಹೊಸದು ಹಾಕಬೇಕು.

ಪ್ಲಗ್ ಟಾಪ್ ಬದಲಿಸಿ, ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರಿಗೆ ಇದು ಅರ್ಧ ಗಂಟೆ ಕೆಲಸ. ಅಭ್ಯಾಸ ಇಲ್ಲದವರು ಬಲ್ಲವರನ್ನು ಕರೆಯಿರಿ. ಮಾಡುವವರಿಗೆ ನಾನು ಮಾಡುವ ಕ್ರಮ ಹೇಳುತ್ತೇನೆ.

ಎಂಸಿಬಿ (ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಪ್ಲಗ್ ಇದ್ದರೆ ಕಿತ್ತುಬಿಡಿ. ಸೋಲಾರಿಗೆ ಪ್ಲಗ್ ಇರುವುದಿಲ್ಲ, ಹಾಗಾಗಿ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿ. ಒಂಟಿ ಎಂಸಿಬಿ ಒಂದು ವೈರನ್ನು ಮಾತ್ರ ಕಡಿಯುತ್ತದೆ. ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಕಾಯಿಲ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಜಾಗದಲ್ಲಿ ಮುಟ್ಟಿಸಿ ಉರಿಯುತ್ತದೆ ಅಂತ ನೋಡಿಕೊಂಡು, ಮೇನ್ ಇಳಿಸಿ, ಆಮೇಲೆ ಥರ್ಮೋಸ್ಟಾಟಿನ ಎಲ್ಲ ಟರ್ಮಿನಲ್‌ಗೂ ಮುಟ್ಟಿಸಿ. ಟೆರೇಸ್ ಒದ್ದೆ ಇದ್ದಾಗ, ಮಳೆ ಬೀಳುವಾಗ, ಗುಡುಗು ಇದ್ದಾಗ ಮಾತ್ರ ಬೇಡವೇ ಬೇಡ. ಹೊಳವಾಗುವವರೆಗೆ ಕಾಯಿರಿ, ಒಂದು ದಿನ ಸ್ನಾನ ತಡವಾದರೆ ಏನೂ ಆಗದು.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಲಗ್‌ಗಳನ್ನು ವೈರು ಹಿಡಿದು ಎಳೆಯಬೇಡಿ, ಲಗ್ಗನ್ನೇ ಪ್ಲೇಯರಿನಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹಳೆಯದನ್ನು ನೇರಕ್ಕೆ ಎಳೆದು ತೆಗೆಯಿರಿ. ಹೊಸದನ್ನು ತಳ ಮುಟ್ಟುವವರೆಗೆ ಕೂರಿಸಿ, 60ಕ್ಕೆ ಹೊಂದಿಸಿ. ಸುಟ್ಟ ಲಗ್ ಇದ್ದರೆ ವೈರನ್ನು ಹಸಿ ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ಲಗ್ ಒತ್ತಿ. ಅರ್ಥ್ ವೈರು ತನ್ನ ಜಾಗದಲ್ಲಿ ಬಿಗಿಯಾಗಿದೆಯಾ ನೋಡಿ. ಮುಚ್ಚಳದ ರಬ್ಬರ್ ಸರಿಯಾಗಿ ಕೂರಿಸಿ, ಇಲ್ಲದಿದ್ದರೆ ಆರಿದ್ರಾ ಮಳೆಗೆ ಎಲ್ಲ ಒದ್ದೆ.

ಮೊದಲ ಸಲ ಕಾಯಿಸುವಾಗ ಮನೆಯಲ್ಲೇ ಇರಿ. ದೀಪ ತಾನಾಗಿ ಆರುವುದನ್ನು ಕಣ್ಣಾರೆ ನೋಡುವವರೆಗೆ ಕೆಲಸ ಮುಗಿದಿಲ್ಲ. ದೀಪ ಥರ್ಮೋಸ್ಟಾಟಿನ ಜೊತೆ ಆರುವಂಥದ್ದೋ ಅಲ್ಲವೋ ಗೊತ್ತಿಲ್ಲದಿದ್ದರೆ ಮನೆಯ ಕರೆಂಟ್ ಮೀಟರ್ ನೋಡಿ, ಥರ್ಮೋಸ್ಟಾಟ್ ಕಡಿದಾಗ ಅದರ ಓಟ ನಿಧಾನವಾಗುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು?

ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಕಡ್ಡಿಯ ಉದ್ದ ಒಂದೇ ಇರಬೇಕು. ಗಿಡ್ಡ ಆದರೆ ಬಿಸಿಯನ್ನು ಸರಿಯಾಗಿ ಅರಿಯದು, ಉದ್ದ ಆದರೆ ತಲೆ ಹೊರಗೆ ಉಳಿಯುತ್ತದೆ. ಕನಿಷ್ಠ 16 ಆಂಪ್ಸ್, 250 ವೋಲ್ಟ್ ಅಂತ ಬರೆದಿರಲಿ. ಕಟೌಟ್ ಇರುವುದನ್ನೇ ಕೇಳಿ, ಕೆಂಪು ಗುಂಡಿ ತೋರಿಸಿ ಅನ್ನಿ. ಹಳೆಯ ಟ್ಯಾಂಕಿನದು ಕಟೌಟ್ ಇಲ್ಲದ್ದಾಗಿದ್ದರೂ ಹೊಸದು ಇರುವುದೇ ಆಗಲಿ. ಕೆಲವು ನೂರು ರೂಪಾಯಿಯ ಮಾತು.

ಗೀಸರ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಬೀಳುತ್ತದೆ. ಇದೂ ಥರ್ಮೋಸ್ಟಾಟಾ?

ಅಪರೂಪಕ್ಕೆ. ಹೆಚ್ಚಾಗಿ ಕಾಯಿಲ್ ಸೀಳಿ ನೀರಿಗೆ ಕರೆಂಟ್ ಸೋರುತ್ತಿರುತ್ತದೆ. ಆರ್‌ಸಿಸಿಬಿ ತೆಗೆದು ಹಾಕಿಸಬೇಡಿ, ಅದು ನಿಮ್ಮ ಜೀವ ಉಳಿಸಿದೆ. ಬೇಸಿಗೆಯಲ್ಲಿ ನಮ್ಮ ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಮಾರ್ಚ್‌ನಿಂದ ಮಳೆ ಬರುವವರೆಗೆ ಅರ್ಥ್ ಗುಂಡಿಗೆ ಆಗಾಗ ನೀರು ಹಾಕಿ.

ನಮ್ಮದು ಅಬ್ಬಿ ನೀರು. ಬೋರ್‌ವೆಲ್‌ನವರ ಹಾಗೆ ನಮಗೂ ಕಾಯಿಲ್ ಮೇಲೆ ಬಿಳಿ ಕಟ್ಟುತ್ತದಾ?

ಗುಡ್ಡದಿಂದ ಬರುವ ಅಬ್ಬಿ ನೀರು ಮೆದು, ಬಿಳಿ ಕಟ್ಟುವುದು ಕಡಿಮೆ. ಶಿಕಾರಿಪುರ ಕಡೆ ಬೋರ್‌ವೆಲ್ ಗಡಸು ನೀರಿನವರಿಗೆ ಆ ಕಷ್ಟ ಜಾಸ್ತಿ. ಪದರ ದಪ್ಪವಾದರೆ ಕಾಯಿಲ್ ತನ್ನ ಬಿಸಿಯನ್ನು ನೀರಿಗೆ ಬಿಡಲಾಗದೆ ಸುಡುತ್ತದೆ, ಥರ್ಮೋಸ್ಟಾಟಿಗೂ ಬಿಸಿ ತಡವಾಗಿ ತಿಳಿಯುತ್ತದೆ.

ನಿಮ್ಮ ಕಷ್ಟ ಬೇರೆ. ದೊಡ್ಡ ಮಳೆಗೆ ಅಬ್ಬಿಯ ಬಾಯಿಗೆ ಎಲೆ, ಕಸ ಕಟ್ಟಿ ಪೈಪಿನಲ್ಲಿ ನೀರು ನಿಲ್ಲುತ್ತದೆ. ಮೇಲಿನ ಟ್ಯಾಂಕ್ ಬರಿದಾಗುತ್ತದೆ. ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ ಕೆಳಗಿನ ನಲ್ಲಿ ತಿರುಗಿಸಿದಾಗ ಸೋಲಾರ್ ಟ್ಯಾಂಕಿನ ನೀರೂ ಹಿಂದಕ್ಕೆ ಇಳಿಯಬಹುದು. ಗೊತ್ತಿಲ್ಲದೆ ಬ್ಯಾಕಪ್ ಹಾಕಿದರೆ ಬರಿ ಕಾಯಿಲ್ ಉರಿದು ಥರ್ಮೋಸ್ಟಾಟ್ ಸಮೇತ ಹೋಗುತ್ತದೆ. ಸ್ವಿಚ್ ಹಾಕುವ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ, ಧಾರೆ ತಡೆಯಿಲ್ಲದೆ ಬಂದರೆ ಮಾತ್ರ ಹಾಕಿ.

ಬಕೆಟ್ಟಿಗೆ ಹಾಕುವ ರಾಡ್‌ಗೂ ಥರ್ಮೋಸ್ಟಾಟ್ ಇರುತ್ತದಾ?

ಸಾದಾ ರಾಡ್‌ಗೆ ಇರುವುದಿಲ್ಲ. ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ. ಮಕ್ಕಳಿರುವ ಮನೆಯಲ್ಲಿ ರಾಡ್ ಬೇಡ.

ಗೀಸರ್ ಕಾಯುವಾಗ ವಾಲ್ವ್‌ನಿಂದ ಹನಿಹನಿ ನೀರು ಬೀಳುತ್ತದೆ. ಥರ್ಮೋಸ್ಟಾಟ್ ಜಾಸ್ತಿ ಇಟ್ಟಿದ್ದಕ್ಕಾ?

ಕಾಯುವ ನೀರು ಹಿಗ್ಗುತ್ತದೆ. 25 ಲೀಟರಿನ ಗೀಸರ್ 20ರಿಂದ 60 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು ಒಂದೂವರೆ ಲೋಟ ನೀರು ಹೆಚ್ಚಾಗುತ್ತದೆ, ಅದು ಹೊರಗೆ ಬರಬೇಕು. ಆ ವಾಲ್ವ್‌ನ ಬಾಯಿಗೆ ಬಿರಡೆ, ಎಂ-ಸೀಲ್ ಏನೂ ಹಾಕಬೇಡಿ, ಕೆಳಗೊಂದು ಸಣ್ಣ ಪೈಪ್ ಕೊಟ್ಟು ಮೋರಿಗೆ ಬಿಡಿ. ಕಾದು ಮುಗಿದು ದೀಪ ಆರಿದ ಮೇಲೂ ಧಾರೆಯಾಗಿ ಬಿಸಿನೀರು, ಹಬೆ ಬರುತ್ತಿದ್ದರೆ ಮೇನ್ ಇಳಿಸಿ. ನೀರು ತಣ್ಣಗಾಗುವವರೆಗೆ ಮುಚ್ಚಳಕ್ಕೆ ಕೈ ಹಾಕಬೇಡಿ.